ಮುಗ್ಗಿದ ಜೋಳ

ಕಾಳಿದಾಸನ ‘ಮೇಘದೂತ’ದಲ್ಲಿ ಮೋಡದ ಗರ್ಜನೆಯನ್ನು ಕೇಳಿದೊಡನೆ ನೆಲದೊಳಗಿಂದ ಶಿಲೀಂಧ್ರಗಳು ತಲೆಯೆತ್ತುತ್ತವೆ. ಭೂಮಿ ಬಂಜೆಯಲ್ಲ, ಈ ವರ್ಷ ಬೆಳೆ ಕೊಟ್ಟಾಳು ಎಂಬುದಕ್ಕೆ ಕವಿಯ ಕಣ್ಣಿಗೆ ಅದೊಂದು ಶುಭಸೂಚನೆ. ಅದೇ ಶಬ್ದವನ್ನು ನಮ್ಮ ವಿಜ್ಞಾನ ಲೇಖಕರು ಎತ್ತಿಕೊಂಡು, ಅಣಬೆ ನಾಯಿಕೊಡೆಗಳಿಂದ ಹಿಡಿದು ಉಪ್ಪಿನಕಾಯಿಯ ಮೇಲೆ ಕಟ್ಟುವ ಬೂಷ್ಟಿನವರೆಗೆ ಇಡಿಯ ಒಂದು ಜೀವಕುಲಕ್ಕೆ ಹೆಸರಾಗಿ ಇಟ್ಟರು. ಮುಂಗಾರಿನ ಮೊದಲ ಗುಡುಗಿಗೆ ಏಳುವ ಶಿಲೀಂಧ್ರ ಶುಭವಾದರೆ, ಕೊಯ್ಲಿನ ಹೊತ್ತಿನ ಅಕಾಲದ ಗುಡುಗಿಗೆ ಏಳುವ ಶಿಲೀಂಧ್ರ ರೈತನ ಪಾಲಿಗೆ ಬೇರೆಯೇ ಸುದ್ದಿ. ತೆನೆ ತೋಯುತ್ತದೆ, ಮುತ್ತಿನಂತಿದ್ದ ಕಾಳಿನ ಮೇಲೆ ನಸುಗೆಂಪು, ಬೂದಿ, ಕಪ್ಪು ಮಚ್ಚೆಗಳು ಹರಡುತ್ತವೆ. ಜೋಳ ಮುಗ್ಗಿತು ಎನ್ನುತ್ತಾರೆ. ‘ಮುಗ್ಗು’ ಎಂಬ ಈ ಕ್ರಿಯಾಪದದಲ್ಲಿ ವಾಸನೆಯಿದೆ, ಬಣ್ಣವಿದೆ, ರುಚಿಯೂ ಇದೆ. ಇಲ್ಲದಿರುವುದು ವಿಷವೆಂಬ ಅರ್ಥ. ನಮ್ಮ ಹಿರಿಯರಿಗೆ ಮುಗ್ಗಿದ ಕಾಳು ಕೀಳು ಕಾಳು, ಅಷ್ಟೆ. ಅದು ವಿಷವೂ ಆಗಬಲ್ಲುದೆಂಬ ಅರಿವು ಮನುಷ್ಯನಿಗೆ ಬಂದ ಬಗೆ, ಸುಣ್ಣ, ಬೇವು, ಓಮಗಳಂಥ ಸಹಜ ವಸ್ತುಗಳಿಂದ ಆ ವಿಷವನ್ನು ತಗ್ಗಿಸಲು ಆತ ತಿಳಿದೋ ತಿಳಿಯದೆಯೋ ಮಾಡಿದ ಪ್ರಯತ್ನ, ಇವು ಈ ಹದಿನೈದು ನಿಮಿಷಗಳ ನನ್ನ ವಸ್ತು.

ನಾನು ಕನ್ನಡ ಎಂ.ಎ. ಓದಿ, ಕನ್ನಡವನ್ನೇ ಪಾಠ ಹೇಳಿ ನಿವೃತ್ತನಾದವನು. ರಸಾಯನಶಾಸ್ತ್ರದ ಗಾಜಿನ ಕೊಳವೆಯನ್ನು ಮುಟ್ಟಿದವನಲ್ಲ. ಈ ವಿಷಯಕ್ಕೆ ನನ್ನನ್ನು ಎಳೆದು ತಂದದ್ದು ‘ಹಗೇವು’ ಎಂಬ ಶಬ್ದ. ಧಾನ್ಯ ತುಂಬಿಡಲು ನೆಲದೊಳಗೆ ತೋಡಿದ ಕುಳಿ ಎಂದು ಅದರ ಅರ್ಥ. ‘ಹಗೆ’ ಎಂಬ ರೂಪವೂ ಉಂಟು. ಹಗೆಯೆಂದರೆ ಶತ್ರುವೂ ಹೌದಷ್ಟೆ. ತರಗತಿಯಲ್ಲಿ ನಾನಾರ್ಥಗಳನ್ನು ಹೇಳಿಕೊಡುವಾಗ ಈ ಜೋಡಿಯನ್ನು ಎಷ್ಟೋ ಸಲ ಬಳಸಿದ್ದೇನೆ. ಧಾನ್ಯದ ಹಗೆಯೊಳಗೆ ಧಾನ್ಯದ ಹಗೆ ಹುಟ್ಟುವುದು ಹೇಗೆಂಬ ಪ್ರಶ್ನೆ ನನ್ನನ್ನು ಹಿಡಿದದ್ದು, 1995ರಲ್ಲಿ ದಖನ್ನಿನಲ್ಲಿ ನಡೆದ ಒಂದು ಪ್ರಕರಣದ ವರದಿಯನ್ನು ಓದಿದ ಮೇಲೆ.

ಆ ವರ್ಷ ದಖನ್ ಪ್ರಸ್ಥಭೂಮಿಯಲ್ಲಿ ಜೋಳ, ಮೆಕ್ಕೆಜೋಳಗಳ ಬೆಳೆ ಅಕಾಲದ ಮಳೆಗೆ ಸಿಕ್ಕಿತು. ಆಮೇಲೆ ಹಳ್ಳಿಗಳಲ್ಲಿ ಹೊಟ್ಟೆನೋವು, ಹೊಟ್ಟೆ ಗುಡುಗುಡಿಸುವುದು, ಭೇದಿ ಕಾಣಿಸಿಕೊಂಡವು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ರಮೇಶ ಭಟ್ ಮತ್ತು ಅವರ ಸಂಗಡಿಗರು ಇಂಥ 27 ಹಳ್ಳಿಗಳ ಸಂಗತಿಯನ್ನು ಕಲೆಹಾಕಿ 1997ರಲ್ಲಿ ಪ್ರಕಟಿಸಿದರು. ರೋಗಾಣುವಿನ ಕೈವಾಡ ಅದಾಗಿರಲಿಲ್ಲ. ಮುಗ್ಗಿದ ಕಾಳಿನ ಹಿಟ್ಟಿನಿಂದ ತಟ್ಟಿದ ರೊಟ್ಟಿಯೇ ಕಾರಣ. ಆ ಕಾಳಿನಲ್ಲಿ ಫ್ಯುಸೇರಿಯಮ್ ಎಂಬ ಬೂಷ್ಟು ಬೆಳೆದು ಫ್ಯುಮೊನಿಸಿನ್ ಎಂಬ ವಿಷವನ್ನು ಬಿಟ್ಟಿತ್ತು. ಜೋಳದ ಮಾದರಿಗಳಲ್ಲಿ ಕಿಲೋಗೆ 7.8 ಮಿಲಿಗ್ರಾಂವರೆಗೆ, ಮೆಕ್ಕೆಜೋಳದಲ್ಲಿ 64.7 ಮಿಲಿಗ್ರಾಂವರೆಗೆ ಅದು ಸಿಕ್ಕಿತು. ಈ ವಿಷವನ್ನು ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಮೊದಲು ಗುರುತಿಸಿ ಹೆಸರಿಟ್ಟದ್ದು 1988ರಲ್ಲಿ. ಎಂದರೆ, ನಮ್ಮ ಹಳ್ಳಿಗರನ್ನು ಕಾಡಿದಾಗ ಅದಕ್ಕೆ ಹೆಸರು ಬಂದು ಏಳೇ ವರ್ಷವಾಗಿತ್ತು. ಅದು ಕಾಡುತ್ತಿದ್ದದ್ದು ಎಷ್ಟು ಶತಮಾನಗಳಿಂದಲೋ.

ಯಾರೂ ಸಾಯಲಿಲ್ಲ, ಆ ಕಾಳನ್ನು ಬಿಟ್ಟ ಮೇಲೆ ಗುಣವಾಯಿತು. ಆದರೆ ವರದಿಯಲ್ಲಿ ಒಂದು ಮಾತಿದೆ, ಅದರ ಮುಂದೆ ನಾನು ಬಹಳ ಹೊತ್ತು ನಿಂತೆ. ಕಾಯಿಲೆ ಬಿದ್ದವರು ಆ ಹಳ್ಳಿಗಳ ಅತ್ಯಂತ ಬಡವರು. ಮಳೆ ಎಲ್ಲರ ಹೊಲದ ಮೇಲೂ ಬಿತ್ತು. ಉಳ್ಳವರ ಮನೆಯಲ್ಲಿ ಹಳೆಯ ಕಾಳಿರುತ್ತದೆ, ಇಲ್ಲವಾದರೆ ಅಂಗಡಿಯಿದೆ. ಇಲ್ಲದವರಿಗೆ ಕೂಲಿಯಾಗಿ ಬಂದ, ಅಗ್ಗಕ್ಕೆ ಸಿಕ್ಕ ಕಾಳೇ ಅನ್ನ.

ಇದಕ್ಕಿಂತ ಘೋರವಾದದ್ದು 1974ರಲ್ಲಿ ನಡೆದಿತ್ತು. ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳ ಇನ್ನೂರಕ್ಕೂ ಮಿಕ್ಕ ಹಳ್ಳಿಗಳಲ್ಲಿ, ಮೆಕ್ಕೆಜೋಳವೇ ಮುಖ್ಯ ಆಹಾರವಾದ ಆದಿವಾಸಿ ಮನೆಗಳಲ್ಲಿ ಕಾಮಾಲೆ ಹಬ್ಬಿತು. ಹೊಟ್ಟೆಯಲ್ಲಿ ನೀರು ತುಂಬಿತು. ದಾಖಲಾದ 397 ರೋಗಿಗಳಲ್ಲಿ 106 ಮಂದಿ ತೀರಿಕೊಂಡರು. ಅದೇ ಮನೆಗಳ ಎಂಜಲು ತಿಂದ ನಾಯಿಗಳಿಗೂ ಅದೇ ರೋಗ ಬಂತು; ಈ ಸಂಗತಿಯೇ ಇದು ಸಾಂಕ್ರಾಮಿಕವಲ್ಲ, ಊಟದಿಂದ ಬಂದದ್ದು ಎಂಬ ಗುಮಾನಿಯನ್ನು ಬಲಪಡಿಸಿತು. ಪರೀಕ್ಷಿಸಿದ ಕಾಳಿನಲ್ಲಿ ಕಿಲೋಗೆ 6 ಮಿಲಿಗ್ರಾಂನಿಂದ 15 ಮಿಲಿಗ್ರಾಂವರೆಗೆ ಅಫ್ಲಾಟಾಕ್ಸಿನ್ ಇತ್ತು. ನಮ್ಮ ದೇಶದಲ್ಲಿ ಧಾನ್ಯಕ್ಕೆ ವಿಧಿಸಿರುವ ಮಿತಿ ಕಿಲೋಗೆ 15 ಮೈಕ್ರೊಗ್ರಾಂ. ಎಂದರೆ ಆ ಕಾಳಿನಲ್ಲಿ ಕಡಿಮೆಯೆಂದರೂ ಇದರ ನಾನೂರು ಪಟ್ಟು ವಿಷ. ಒಲೆಯ ಬೆಂಕಿ ಇದನ್ನು ಸುಡಲಾರದು. ರೊಟ್ಟಿಯ ಹೆಂಚಿನ ಕಾವಿಗೆ ಬೂಷ್ಟು ಸಾಯುತ್ತದೆ, ಅದು ಬಿಟ್ಟ ವಿಷ ಉಳಿಯುತ್ತದೆ.

ಈ ವಿಷದ ಪತ್ತೆಯಾದ ಕಥೆ ವಿಚಿತ್ರವಾದದ್ದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಏನೆಂದು ತಿಳಿಯದೆ ‘ಟರ್ಕಿ ಎಕ್ಸ್ ರೋಗ’ ಎಂದು ಕರೆದರು. ಹುಡುಕುತ್ತ ಹೋದಾಗ ಜಾಡು ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಕೊನೆಗೊಂಡಿತು. ಹಿಂಡಿಯಲ್ಲಿ ಬೆಳೆದ ಬೂಷ್ಟಿನ ಹೆಸರು ಆಸ್ಪರ್ಜಿಲಸ್ ಫ್ಲೇವಸ್. ಶಬ್ದಪ್ರಿಯರಿಗೆ ಇಲ್ಲೊಂದು ಸಣ್ಣ ಸುಖವಿದೆ. ಇಟಲಿಯ ಮಿಕೆಲಿ ಎಂಬ ಸಸ್ಯಶಾಸ್ತ್ರಜ್ಞ 1729ರಲ್ಲಿ ಈ ಬೂಷ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಇಗರ್ಜಿಯಲ್ಲಿ ಪಾದ್ರಿ ತೀರ್ಥ ಪ್ರೋಕ್ಷಿಸುವ ಕೈಕುಂಚ ಅವನ ನೆನಪಿಗೆ ಬಂತು. ಅದರ ಹೆಸರನ್ನೇ ಇದಕ್ಕಿಟ್ಟ. ಫ್ಲೇವಸ್ ಎಂದರೆ ಹಳದಿ. ಎರಡು ಹೆಸರುಗಳ ತುಂಡುಗಳನ್ನು ಸೇರಿಸಿ, ಕೊನೆಗೆ ವಿಷವೆಂಬ ಶಬ್ದವನ್ನು ಹೊಲಿದಾಗ ಅಫ್ಲಾಟಾಕ್ಸಿನ್ ಆಯಿತು. ತೀರ್ಥದ ಕುಂಚದಿಂದ ವಿಷದ ಹೆಸರು ಹುಟ್ಟಿತು.

ಯುರೋಪಿಗೆ ಧಾನ್ಯದ ವಿಷ ಹೊಸದೇನೂ ಅಲ್ಲ. ಅಲ್ಲಿನ ರೈ ಧಾನ್ಯದ ತೆನೆಯಲ್ಲಿ ಕಾಳಿನ ಬದಲು ಹುಂಜದ ಕಾಲ್ಮುಳ್ಳಿನಂಥ ಕಪ್ಪು ಕೋಡು ಮೂಡುತ್ತಿತ್ತು. ಫ್ರೆಂಚಿನ ಆ ‘ಮುಳ್ಳಿ’ನಿಂದಲೇ ಎರ್ಗಟ್ ಎಂಬ ಹೆಸರು. ಅದನ್ನು ತಿಂದವರ ಕೈಕಾಲು ಬೆಂಕಿ ಬಿದ್ದಂತೆ ಉರಿದು, ಕರಿಕಟ್ಟಿ ಕಳಚಿ ಬೀಳುತ್ತಿದ್ದವು. ಸಂತ ಆಂಟನಿಯ ಬೆಂಕಿ ಎಂದು ಅದನ್ನು ಕರೆದು, ಅವನ ಹೆಸರಿನಲ್ಲಿ 1095ರ ಸುಮಾರಿಗೆ ಸನ್ಯಾಸಿಗಳ ಒಂದು ಸಂಘವೇ ಹುಟ್ಟಿ ಆಸ್ಪತ್ರೆಗಳನ್ನು ಕಟ್ಟಿತು. ರೋಗ ದೇವರ ಕೋಪದಿಂದಲ್ಲ, ಕಾಳಿನಿಂದ ಎಂದು ಗಟ್ಟಿಯಾಗಿ ಹೇಳಲು ಹದಿನೇಳನೆಯ ಶತಮಾನ ಬರಬೇಕಾಯಿತು.

ಟರ್ಕಿ ಕೋಳಿಗಳ ಸುದ್ದಿ ಮೈಸೂರನ್ನೂ ಮುಟ್ಟಿತು. 1950ರಲ್ಲಿ ಅಲ್ಲಿ ಆರಂಭವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಬಡಮಕ್ಕಳ ಪ್ರೋಟೀನ್ ಕೊರತೆಗೆ ಕಡಲೆಕಾಯಿ ಹಿಟ್ಟನ್ನೇ ಮುಖ್ಯವಾಗಿ ನಂಬಿ ಪೌಷ್ಟಿಕ ಆಹಾರ ತಯಾರಿಸಿದ್ದರು. ನಂಬಿದ ಕಾಳಿನಲ್ಲೇ ವಿಷವಿರಬಹುದೆಂದಾಗ ಆಗುವ ಗಾಬರಿಯನ್ನು ನಾವು ಊಹಿಸಬಹುದು. ಅವರು ಕೈಕಟ್ಟಿ ಕೂರಲಿಲ್ಲ. ಹೈಡ್ರೊಜನ್ ಪೆರಾಕ್ಸೈಡಿನಿಂದ ಹಿಟ್ಟಿನ ವಿಷವನ್ನು ಮುರಿಯುವ ವಿಧಾನವನ್ನು 1967ರಲ್ಲಿ ಪ್ರಕಟಿಸಿದರು. ಅದು ಕಾರ್ಖಾನೆಯ ದಾರಿ. ಹಳ್ಳಿಯ ಮನೆಗೆ ಬೇಕಾದದ್ದು ಬೇರೆ.

ಹಳ್ಳಿಯ ಮನೆಯಲ್ಲಿ ಏನಿತ್ತು? ಮೊದಲು ಹಗೇವು. ಧಾರವಾಡ, ವಿಜಯಪುರ, ರಾಯಚೂರುಗಳ ಕಡೆ ಒಣನೆಲ ನೋಡಿ ಕುಳಿ ತೋಡಿ, ಗೋಡೆಗೆ ಜೋಳದ ದಂಟು ಹುಲ್ಲುಗಳನ್ನು ಒತ್ತಾಗಿ ಕೊಟ್ಟು, ಕಾಳು ತುಂಬಿ, ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಉಸಿರಾಡಿ ಅಲ್ಲಿದ್ದ ಪ್ರಾಣವಾಯುವನ್ನೆಲ್ಲ ತೀರಿಸುತ್ತದೆ. ಉಳಿಯುವುದು ಇಂಗಾಲದ ಡೈಆಕ್ಸೈಡ್. ಆ ಗಾಳಿಯಲ್ಲಿ ಹುಳು ಬದುಕದು, ಬೂಷ್ಟು ಬೆಳೆದರೂ ಸೊರಗುತ್ತದೆ. ಅದಕ್ಕೇ ಹಗೇವು ತೆರೆದ ಕೂಡಲೆ ಇಳಿಯಬಾರದು. ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕೆಂಬ ಕಟ್ಟಳೆ. ಈ ಕಟ್ಟಳೆ ಮೀರಿ ಪ್ರಾಣ ಕಳೆದುಕೊಂಡವರುಂಟು. ಆದರೆ ಒಳ್ಳೆಯ ಮಳೆಗಾಲದಲ್ಲಿ ನೀರು ಜಿನುಗಿದರೆ ಗೋಡೆಯಂಚಿನ ಒಂದು ಪದರ ಕಾಳು ಮುಗ್ಗಿಯೇ ಮುಗ್ಗುತ್ತಿತ್ತು.

ನೆಲದ ಮೇಲಿನ ಕಣಜಕ್ಕೆ, ಗುಡಾಣಕ್ಕೆ ಬೂದಿ, ಬೇವಿನ ಎಲೆ, ಲಕ್ಕಿಸೊಪ್ಪು. ಇವು ಹುಳುವಿಗೆ ಹಾಕಿದ ತಡೆ. ಹುಳು ಕೊರೆದ ಕಾಳಿನೊಳಗೆ ಬೂಷ್ಟು ಸುಲಭವಾಗಿ ನುಗ್ಗುವುದರಿಂದ, ಹುಳುವನ್ನು ತಡೆದವನು ಅರ್ಧ ಬೂಷ್ಟನ್ನೂ ತಡೆದಂತೆಯೇ. ಕೌಟಿಲ್ಯನ ಅರ್ಥಶಾಸ್ತ್ರ ಬಿತ್ತನೆಯ ಧಾನ್ಯವನ್ನು ಏಳು ರಾತ್ರಿ ಇಬ್ಬನಿಗೆ, ಹಗಲು ಬಿಸಿಲಿಗೆ ಒಡ್ಡಲು ಹೇಳುತ್ತದೆ. ನಮ್ಮ ಕನ್ನಡದಲ್ಲಿ ಕ್ರಿ.ಶ. 1025ರ ಸುಮಾರಿನ ‘ಲೋಕೋಪಕಾರ’ವಿದೆ. ಇದರ ಕರ್ತೃ ಚಾವುಂಡರಾಯ ಗೊಮ್ಮಟನನ್ನು ನಿಲ್ಲಿಸಿದವನಲ್ಲ. ಚಾಳುಕ್ಯ ಜಯಸಿಂಹನ ಕಾಲದ ಬೇರೊಬ್ಬ. ಅಡುಗೆ, ಅಂತರ್ಜಲ, ಪಶುವೈದ್ಯಗಳ ಜೊತೆಗೆ ವೃಕ್ಷಾಯುರ್ವೇದಕ್ಕೂ ಅವನು ಸ್ಥಾನ ಕೊಟ್ಟಿದ್ದಾನೆ. ಗಿಡಕ್ಕೂ ರೋಗವುಂಟು, ಮದ್ದುಂಟು ಎಂಬ ಭಾವನೆ ದೊಡ್ಡದು. ಹಾಗೆಂದು ಅಫ್ಲಾಟಾಕ್ಸಿನ್ ಕೂಡ ನಮ್ಮವರಿಗೆ ಗೊತ್ತಿತ್ತು ಎಂದು ಸಭೆಗಳಲ್ಲಿ ಎದೆ ತಟ್ಟಿಕೊಳ್ಳುವವರ ಮಾತು ನನಗೆ ಹಿಡಿಸುವುದಿಲ್ಲ. ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಕೆಲವನ್ನು ಸರಿಯಾಗಿ ಮಾಡಿದರು. ಅದೇನು ಸಣ್ಣ ಹೆಚ್ಚಳವೆ?

ಹೀಗೆ ಗೊತ್ತಿಲ್ಲದೆ ಸರಿಯಾಗಿ ಮಾಡಿದವರಲ್ಲಿ ಮೊದಲ ಮಣೆ ಮೆಕ್ಸಿಕೊ, ಗ್ವಾಟೆಮಾಲಗಳ ಹಳೆಯ ಹೆಣ್ಣುಮಕ್ಕಳಿಗೆ ಸಲ್ಲಬೇಕು. ಮೆಕ್ಕೆಜೋಳ ಅವರ ನಾಡಿನ ಬೆಳೆ. ಅದನ್ನು ಅವರು ಬರಿ ನೀರಿನಲ್ಲಿ ಬೇಯಿಸುತ್ತಿರಲಿಲ್ಲ. ನೀರಿಗೆ ಸುಟ್ಟ ಸುಣ್ಣ ಹಾಕಿ ಕುದಿಸಿ, ಇಡೀ ರಾತ್ರಿ ನೆನೆಯಬಿಟ್ಟು, ಬೆಳಗ್ಗೆ ಆ ಹಳದಿ ನೀರನ್ನು ಚೆಲ್ಲಿ, ಕಾಳನ್ನು ತಿಕ್ಕಿ ತಿಕ್ಕಿ ತೊಳೆದು, ಸಿಪ್ಪೆ ಬಿಡಿಸಿ, ಒರಳುಗಲ್ಲಿನ ಮೇಲೆ ಅರೆದು ರೊಟ್ಟಿ ಮಾಡುತ್ತಿದ್ದರು. ಮೂರು ಸಾವಿರ ವರ್ಷಗಳಿಗೂ ಹಿಂದಿನ ಪದ್ಧತಿಯಿದು, ಇಂದಿಗೂ ನಿಂತಿಲ್ಲ. ನಿಶ್ತಮಾಲ್ ಎಂದು ಹೆಸರು; ಅವರ ನಾವಾಟ್ಲ್ ಭಾಷೆಯಲ್ಲಿ ಶಬ್ದದ ಮೊದಲರ್ಧಕ್ಕೆ ಬೂದಿ ಎಂದರ್ಥ. ಸಿಪ್ಪೆ ಬಿಡಲಿ, ಹಿಟ್ಟು ಅಂಟಾಗಲಿ ಎಂದು ಮಾಡಿದ್ದಿರಬೇಕು. ಸ್ಪೇನಿನವರು ಕಾಳನ್ನು ಹಡಗಿನಲ್ಲಿ ತಂದರು, ಸುಣ್ಣದ ವಿದ್ಯೆಯನ್ನು ಅಲ್ಲಿಯೇ ಬಿಟ್ಟು ಬಂದರು. ಫಲವಾಗಿ ಮೆಕ್ಕೆಜೋಳವನ್ನೇ ಉಂಡ ಯುರೋಪಿನ ಬಡವರಿಗೆ ಪೆಲಾಗ್ರ ರೋಗ ಅಂಟಿತು. ಸ್ಪೇನಿನ ಕಾಸಾಲ್ ಎಂಬ ವೈದ್ಯ 1735ರಲ್ಲಿ ಅದನ್ನು ವರ್ಣಿಸಿದ. ಸುಣ್ಣವಿಲ್ಲದೆ ಆ ಕಾಳಿನ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುವುದಿಲ್ಲವೆಂದು ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ.

ಆ ಸುಣ್ಣ ವಿಷವನ್ನೂ ತಗ್ಗಿಸುತ್ತದೆ. ಗ್ವಾಟೆಮಾಲದ ಮಾಯಾ ಹಳ್ಳಿಗಳ ಪದ್ಧತಿಯನ್ನೇ ಅನುಸರಿಸಿ ಪರೀಕ್ಷಿಸಿದಾಗ, ಕಾಳಿನಲ್ಲಿದ್ದ ಒಟ್ಟು ಫ್ಯುಮೊನಿಸಿನ್ ರೊಟ್ಟಿಯ ಹೊತ್ತಿಗೆ ಸುಮಾರು ಅರ್ಧಕ್ಕೆ ಇಳಿದದ್ದು 2003ರಲ್ಲಿ ಪ್ರಕಟವಾಯಿತು. ಉಳಿದದ್ದು ಚೆಲ್ಲಿದ ನೀರಿನೊಡನೆ ಹೋಯಿತು. ಅಫ್ಲಾಟಾಕ್ಸಿನ್ ಮಾತ್ರ ಇಷ್ಟು ಸುಲಭದ ಆಸಾಮಿಯಲ್ಲ. ಸುಣ್ಣದ ಕ್ಷಾರದಲ್ಲಿ ಅದರ ಅಣುವಿನ ಒಂದು ಉಂಗುರ ಬಿಚ್ಚಿಕೊಳ್ಳುತ್ತದೆ. ಅಳೆದು ನೋಡಿದರೆ ವಿಷ ಇಳಿದಂತೆ ಕಾಣುತ್ತದೆ. ಆದರೆ 1985ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಆ ಹಿಟ್ಟಿಗೆ ಆಮ್ಲ ಸೇರಿಸಿ ಮತ್ತೆ ಅಳೆದರು. ಬಿಚ್ಚಿದ್ದ ಉಂಗುರ ಮುಚ್ಚಿಕೊಂಡು ವಿಷದ ದೊಡ್ಡ ಪಾಲು ಮರಳಿ ಬಂದಿತ್ತು. ನಮ್ಮ ಜಠರದಲ್ಲಿರುವುದೂ ಆಮ್ಲವೇ ತಾನೆ? ಸಹಜ ವಸ್ತುಗಳನ್ನು ಹೊಗಳಿ ಬರೆಯುವವರು ಈ ಎರಡನೆಯ ಅಳತೆಯನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಮತ್ತೆ ನಮ್ಮ ಜೋಳಕ್ಕೆ ಬರುತ್ತೇನೆ. ಹೊರಗಿನಿಂದ ಮದ್ದು ಹಚ್ಚುವ ಮುನ್ನ ಕಾಳು ತನ್ನನ್ನು ತಾನೇ ಕಾಯುತ್ತಿತ್ತೆಂಬ ಸಂಗತಿ ನನಗೆ ಈ ಇಡೀ ಕಥೆಯ ತಿರುಳೆಂದು ತೋರುತ್ತದೆ. ಕೆಂಪು, ಕಂದು ಜೋಳದ ಸಿಪ್ಪೆಯಲ್ಲಿ ಒಗರಿನ ಟ್ಯಾನಿನ್ ಇರುತ್ತದೆ. ಅದರ ದಾಯಾದಿಗಳಾದ ಫ್ಲೇವನ್-4-ಆಲ್ ಎಂಬ ವಸ್ತುಗಳೂ ಇರುತ್ತವೆ. ಇವು ಹೆಚ್ಚಾಗಿರುವ ತಳಿಗಳು ಮಳೆಗೆ ಸಿಕ್ಕರೂ ಬೂಷ್ಟಿಗೆ ಬೇಗ ಸೋಲುವುದಿಲ್ಲವೆಂದು ಹೈದರಾಬಾದಿನ ಬಳಿಯ ಪಟಾಂಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಬೆಳೆ ಸಂಶೋಧನ ಸಂಸ್ಥೆಯವರು 1980ರ ದಶಕದಲ್ಲಿ ತೋರಿಸಿದರು. ಹಕ್ಕಿಗಳೂ ಆ ಕಾಳನ್ನು ಅಷ್ಟಾಗಿ ಮುಟ್ಟವು. ಮುಟ್ಟದಿರುವ ಇನ್ನೊಂದು ಪ್ರಾಣಿ ಮನುಷ್ಯ. ನಮಗೆ ಬೇಕಾದದ್ದು ಮುತ್ತಿನಂಥ ಬಿಳಿ ಕಾಳು, ಸಿಹಿ ರೊಟ್ಟಿ. ಶತಶತಮಾನಗಳ ಕಾಲ ಬಿಳಿಯದನ್ನೇ ಆಯ್ದು ಬಿತ್ತಿದೆವು. ಒಗರು ಹೋಯಿತು, ಒಗರಿನೊಂದಿಗೆ ಕವಚವೂ ಹೋಯಿತು.

ಆದರೂ ಹಳೆಯ ರೈತ ಬಿಳಿ ಜೋಳವನ್ನು ಬೇರೊಂದು ಕವಚದೊಳಗೆ ಇಟ್ಟಿದ್ದ. ಅದು ಕಾಲದ ಕವಚ. ಹಿಂಗಾರಿಯಲ್ಲಿ ಕರಿಮಣ್ಣಿನ ತೇವವನ್ನೇ ನಂಬಿ ಬಿತ್ತುವ ಮಾಲದಂಡಿಯಂಥ ಜೋಳ ಮಾಗುವುದು ಮಳೆಯ ಸುಳಿವಿಲ್ಲದ ಚಳಿಗಾಲದ ಕೊನೆಗೆ. ಮುಂಗಾರಿಯ ಹಳೆಯ ಎತ್ತರದ ತಳಿಗಳೂ ಹಗಲು ಕುಗ್ಗುವುದನ್ನು ಕಾದು ಹೂ ಬಿಟ್ಟು, ಮಳೆ ಹಿಂದೆ ಸರಿದ ಮೇಲೆಯೇ ಕಾಳು ಕಟ್ಟುತ್ತಿದ್ದವು. 1964ರಲ್ಲಿ ಸಿ.ಎಸ್.ಎಚ್.-1 ಎಂಬ ಮೊದಲ ಸಂಕರ ಜೋಳ ಬಂತು. ಗಿಡ್ಡ ಗಿಡ, ದೊಡ್ಡ ತೆನೆ, ನೂರು ದಿನಗಳ ಆಸುಪಾಸಿನಲ್ಲಿ ಕೊಯ್ಲು. ಹಸಿವಿನ ಆ ವರ್ಷಗಳಲ್ಲಿ ಅದು ಕೊಟ್ಟ ಕಾಳನ್ನು ನಾವು ಕಡೆಗಣಿಸಬಾರದು. ಆದರೆ ಜೂನಿನಲ್ಲಿ ಬಿತ್ತಿದ ಆ ಜೋಳ ಮಾಗುವ ಹೊತ್ತಿಗೆ ಮಳೆ ಇನ್ನೂ ಹೊಲದಲ್ಲಿಯೇ ಇರುತ್ತಿತ್ತು. ಕಾಳಿನ ಬೂಷ್ಟು ದಖನ್ನಿನ ಮುಂಗಾರಿ ಜೋಳದ ದೊಡ್ಡ ರೋಗವಾಗಿ ಬೆಳೆದದ್ದು ಅಲ್ಲಿಂದಾಚೆಗೆ. ಇಳುವರಿಯ ಲೆಕ್ಕ ಬರೆದವರು ಈ ಬಾಬನ್ನು ತಡವಾಗಿ ಬರೆದರು.

ಕಳೆದ ನಲವತ್ತು ವರ್ಷಗಳಲ್ಲಿ ಗಿಡಮೂಲಿಕೆಗಳತ್ತ ವಿಜ್ಞಾನಿಗಳು ಹೊರಳಿದ್ದಾರೆ. 1988ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ದೀಪಕ್ ಭಟ್ನಾಗರ್ ಮತ್ತು ಮೆಕಾರ್ಮಿಕ್ ಎಂಬವರು ಬೇವಿನ ಎಲೆಯ ಸಾರವನ್ನು ಅಫ್ಲಾಟಾಕ್ಸಿನ್ ಮಾಡುವ ಬೂಷ್ಟಿಗೆ ಹಾಕಿ ನೋಡಿದರು. ಬೂಷ್ಟು ಸಾಯಲಿಲ್ಲ, ಎಂದಿನಂತೆ ಬೆಳೆಯಿತು. ವಿಷ ಮಾತ್ರ ಬಹುಮಟ್ಟಿಗೆ ನಿಂತುಹೋಯಿತು! ಕಳ್ಳನನ್ನು ಕೊಲ್ಲದೆ ಅವನ ಕೈಯ ಕತ್ತಿಯನ್ನಷ್ಟೇ ಕಿತ್ತುಕೊಂಡಂತೆ. ಆದರೆ ಬೂಷ್ಟು ವಿಷ ಮಾಡತೊಡಗಿದ ಮೇಲೆ ಬೇವು ಸುರಿದರೆ ಉಪಯೋಗವಿಲ್ಲ, ಮೊದಲೇ ಅಲ್ಲಿರಬೇಕು. ನಮ್ಮ ಅಜ್ಜಿಯರು ಕಾಳು ತುಂಬುವಾಗಲೇ ಎಲೆ ಹಾಕುತ್ತಿದ್ದರೆಂಬುದು ನೆನಪಾಗುತ್ತದೆ. ಒಣಗಿದ ಎಲೆಗೂ ಪ್ರಯೋಗಶಾಲೆಯ ಸಾರಕ್ಕೂ ಸಮನಿಲ್ಲವೆಂಬುದನ್ನೂ ನೆನೆಯಬೇಕು.

ಆಗಲೇ ಹುಟ್ಟಿದ ವಿಷವನ್ನು ಒಡೆಯುವ ಮದ್ದಿಗಾಗಿ ಹುಡುಕಿದವರಿಗೆ ಸಿಕ್ಕದ್ದು ಬಾಣಂತಿಯ ಓಮ. ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರದವರು 2005ರಲ್ಲಿ, ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾನಿಲಯದವರು 2010ರಲ್ಲಿ ಓಮದ ಕಾಳಿನ ಸಾರ ಅಫ್ಲಾಟಾಕ್ಸಿನ್ನಿನ ಬಹುಪಾಲನ್ನು ನಿಷ್ಕ್ರಿಯಗೊಳಿಸುವುದೆಂದು ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರಜ್ಞರು ಬೀಜದ ಬೂಷ್ಟುಗಳ ಮೇಲೆ ಬಳ್ಳಾರಿ ಜಾಲಿಯ ಎಲೆಯ ಸಾರವನ್ನು ಪರೀಕ್ಷಿಸಿದ್ದಾರೆ. ಅಮೆರಿಕ ಖಂಡದಿಂದ ಬಂದು ನಮ್ಮ ಒಣಸೀಮೆಯ ಗೋಮಾಳಗಳನ್ನೆಲ್ಲ ನುಂಗಿದ ಆ ಮುಳ್ಳಿನಿಂದ ಇಷ್ಟಾದರೂ ಉಪಕಾರವಾದೀತಾದರೆ ಸಂತೋಷವೇ. ಲವಂಗದ ಯುಜೆನಾಲ್ ಬೂಷ್ಟನ್ನು ತಡೆಯುವುದೂ ದೃಢಪಟ್ಟಿದೆ. ಆದರೆ ಗಾಜಿನ ತಟ್ಟೆಯಲ್ಲಿ ಗೆದ್ದದ್ದು ಮೂಟೆಯಲ್ಲಿ ಗೆಲ್ಲಬೇಕು. ಕಾಳಿನ ಒಳಗೆ ಇಳಿದ ವಿಷಕ್ಕೆ ಮೇಲೆ ಸಿಂಪಡಿಸಿದ ಸಾರ ಮುಟ್ಟುವುದು ಕಷ್ಟ. ಒದ್ದೆ ಸಾರದಿಂದ ಕಾಳು ಮತ್ತೆ ತೋಯುತ್ತದೆ, ಆ ತೇವವೇ ಬೂಷ್ಟಿಗೆ ಹಬ್ಬ. ಲವಂಗದ ವಾಸನೆಯ ರೊಟ್ಟಿಯನ್ನು ಯಾರು ತಿನ್ನುತ್ತಾರೆ, ಆ ಎಣ್ಣೆಯ ಬೆಲೆಯನ್ನು ಯಾರು ತೆರುತ್ತಾರೆ ಎಂಬುದು ಕೊನೆಯ ಪ್ರಶ್ನೆ. ಬೇವಿನಿಂದ ವಿಷ ಮಾಯ ಎಂದು ಪತ್ರಿಕೆಯ ತಲೆಬರಹ ಕಂಡಾಗಲೆಲ್ಲ ನನಗೆ ಆ 27 ಹಳ್ಳಿಗಳು ಕಣ್ಣಿಗೆ ಬರುತ್ತವೆ.

ಅಲ್ಲಿಯವರೆಗೆ ಕೈಯಲ್ಲಿರುವುದು ಬಿಸಿಲು, ಮೊರ ಮತ್ತು ಉಪ್ಪು. ವಿಷ ಒಂದು ಮೂಟೆಯ ಎಲ್ಲ ಕಾಳುಗಳಲ್ಲಿಯೂ ಸಮನಾಗಿ ಹರಡಿರುವುದಿಲ್ಲ. ಕೆಲವೇ ಕಾಳುಗಳಲ್ಲಿ ಗುಡ್ಡೆಯಾಗಿರುತ್ತದೆ. ಆದ್ದರಿಂದ ಮೊರದಲ್ಲಿ ಹಾಕಿ ಸುಕ್ಕಿದ, ಬಣ್ಣಗೆಟ್ಟ ಕಾಳನ್ನು ಆರಿಸಿ ತೆಗೆದರೆ ವಿಷ ಗಣನೀಯವಾಗಿ ಇಳಿಯುತ್ತದೆ. 1995ರ ಆ ಬಡಮನೆಗಳಲ್ಲಿ ಹಾಗೆ ಆರಿಸಿದ್ದರೆ ಮೊರದಲ್ಲಿ ಊಟಕ್ಕೆ ಎಷ್ಟು ಉಳಿಯುತ್ತಿತ್ತು ಎಂದು ಕೇಳಬಹುದು, ಕೇಳಲೇಬೇಕು. ಸಜ್ಜೆಯ ತೆನೆಗೂ ಎರ್ಗಟ್ ಬರುತ್ತದೆ; 1970ರ ದಶಕದಲ್ಲಿ ರಾಜಸ್ಥಾನದಲ್ಲಿ ಅಂಥ ಸಜ್ಜೆ ತಿಂದವರು ವಾಂತಿ, ತಲೆಸುತ್ತು, ಮಂಪರುಗಳಿಂದ ನರಳಿದರು. ಅದಕ್ಕೆ ಪೋಷಣ ಸಂಸ್ಥೆಯವರು ಹೇಳಿದ ಉಪಾಯ ತೀರ ಸರಳವಾದದ್ದು. ಹತ್ತು ಲೀಟರ್ ನೀರಿಗೆ ಎರಡು ಕಿಲೋ ಉಪ್ಪು ಕರಗಿಸಿ ಸಜ್ಜೆಯನ್ನು ಸುರಿಯಬೇಕು. ಒಳ್ಳೆಯ ಕಾಳು ಮುಳುಗುತ್ತದೆ, ಎರ್ಗಟ್ಟಿನ ಕರಿ ಕೋಡು ತೇಲುತ್ತದೆ. ಮುಳುಗಿದ್ದನ್ನು ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆದು ಚೆನ್ನಾಗಿ ಒಣಗಿಸಿ ಬಳಸಬಹುದು. ಉಪ್ಪು ನೀರಿನಲ್ಲಿ ತೇಲಿದ್ದನ್ನಾಗಲಿ, ಮೊರದಲ್ಲಿ ಬೇರ್ಪಡಿಸಿದ್ದನ್ನಾಗಲಿ ದನದ ಬಾನಿಗೆ ಹಾಕಬಾರದು, ಸುಡಬೇಕು. ಅಫ್ಲಾಟಾಕ್ಸಿನ್ ತಿಂದ ಹಸುವಿನ ಹಾಲಿನಲ್ಲಿ ಆ ವಿಷ ರೂಪ ಬದಲಿಸಿ ಬರುತ್ತದೆ. ಹಾಲು ಕಾಯಿಸಿದರೂ ಅದು ಹೋಗುವುದಿಲ್ಲ.